ಮೂಲೆಗೆ ಬಿದ್ದ ಕಲ್ಲು ‘ಡೇವಿಡ್’ ಆದ ಕಥೆ

ಕಲ್ಲಿಗೂ ಒಂದು ಜಾತಕ ಇರುವುದಾದರೆ, ಇಟಲಿಯ ಫ್ಲಾರೆನ್ಸ್ ನಗರದ ಆ ಅಮೃತಶಿಲೆಯ ಜಾತಕ ಬಲು ವಿಚಿತ್ರವಾದುದು. ಇಬ್ಬರು ಶಿಲ್ಪಿಗಳು ಒಬ್ಬರ ನಂತರ ಒಬ್ಬರು ಅದಕ್ಕೆ ಕೈಹಚ್ಚಿ, ಕೈಬಿಟ್ಟರು. ನಗರದ ಮಹಾಚರ್ಚಿನ ಅಂಗಳದಲ್ಲಿ ಮಳೆ, ಬಿಸಿಲಿಗೆ ಮೈಯೊಡ್ಡಿ ಅದು ಕಾಲು ಶತಮಾನ ಬಿದ್ದಿತ್ತು. ಇಂದು ಅದೇ ಕಲ್ಲನ್ನು ನೋಡಲು ಲೋಕದ ಮೂಲೆ ಮೂಲೆಗಳಿಂದ ಬಂದ ಜನ ಸಾಲುಗಟ್ಟಿ ನಿಲ್ಲುತ್ತಾರೆ. ಅದೇ ಮೈಕೆಲೆಂಜೆಲೊ ಕಡೆದ ‘ಡೇವಿಡ್’.

ಶಿಲ್ಪಿಯ ಕಥೆಯನ್ನು ನಿಮ್ಮಲ್ಲಿ ಹಲವರು ಕೇಳಿರಬಹುದು. ಇಲ್ಲಿ ಹೇಳಹೊರಟಿರುವುದು ಕಲ್ಲಿನ ಕಥೆ.

ಕಡಲ ತಳದಿಂದ ಬೆಟ್ಟಕ್ಕೆ

ಅಮೃತಶಿಲೆ ಹುಟ್ಟುವುದು ಸುಣ್ಣಕಲ್ಲಿನಿಂದ. ಸುಣ್ಣಕಲ್ಲು ಹುಟ್ಟುವುದು ಹೆಚ್ಚಾಗಿ ಕಡಲ ತಳದಲ್ಲಿ. ಚಿಪ್ಪು ಹೊತ್ತ ಜೀವಿಗಳು ಸತ್ತಾಗ ಅವುಗಳ ಅವಶೇಷಗಳು ಪದರ ಪದರವಾಗಿ ಕೂಡಿ ಗಟ್ಟಿಯಾಗುತ್ತವೆ. ಇಟಲಿಯ ಕರಾರ ಪಟ್ಟಣದ ಮೇಲಿರುವ ಬೆಟ್ಟಗಳ ಸುಣ್ಣಕಲ್ಲು ಹೀಗೆ ಸಂಗ್ರಹವಾದದ್ದು ಸುಮಾರು 20 ಕೋಟಿ ವರ್ಷಗಳ ಹಿಂದೆ. ಮುಂದೆ ಭೂಮಿಯ ಪದರಗಳು ಒಂದನ್ನೊಂದು ಒತ್ತಿ ಮಡಚಿಕೊಂಡಾಗ ಶಾಖಕ್ಕೂ ಒತ್ತಡಕ್ಕೂ ಸಿಕ್ಕಿದ ಆ ಕಲ್ಲಿನ ಕಣಗಳು ಹೊಸ ಹರಳುಗಳಾಗಿ ಒಂದರೊಳಗೊಂದು ಹೆಣೆದುಕೊಂಡವು. ಚಿಪ್ಪಿನ ಗುರುತೆಲ್ಲ ಅಳಿಸಿಹೋಗಿ ಬಿಳಿಯ ಅಮೃತಶಿಲೆ ಉಳಿಯಿತು.

ಈ ಹರಳುಗಳ ಹೆಸರು ಕ್ಯಾಲ್ಸೈಟ್. ಗಡಸುತನವನ್ನು ಅಳೆಯುವ ಮೋಸ್ ಮಾಪಕದಲ್ಲಿ ಇದರ ಅಂಕ 3 ಮಾತ್ರ. ಗ್ರಾನೈಟ್‌ನಲ್ಲಿರುವ ಬೆಣಚುಕಲ್ಲಿನ ಅಂಕ 7. ಆದ್ದರಿಂದಲೇ ಅಮೃತಶಿಲೆ ಉಳಿಯ ಮಾತು ಕೇಳುತ್ತದೆ. ಇನ್ನೊಂದು ಗುಣವೂ ಇದಕ್ಕಿದೆ: ಬೆಳಕು ಇದರ ಮೇಲ್ಮೈಯಲ್ಲೇ ತಡೆದು ನಿಲ್ಲದೆ ತುಸು ಒಳಹೊಕ್ಕು, ಹರಳುಗಳ ನಡುವೆ ಚದುರಿ ಹೊರಬರುತ್ತದೆ. ನಮ್ಮ ಚರ್ಮದಲ್ಲಿ ಆಗುವುದೂ ಇದೇ. ಅಮೃತಶಿಲೆಯ ಮುಖ ಜೀವಂತವಾಗಿ ಕಾಣುವ ಗುಟ್ಟು ಇದು. ಕರಾರದ ಗಣಿಗಳನ್ನು ರೋಮನ್ನರು ಕ್ರಿಸ್ತಪೂರ್ವ ಕಾಲದಲ್ಲೇ ಅಗೆದರು; ರೋಮ್ ನಗರದ ಟ್ರಾಜನ್ ಸ್ತಂಭ ಇಲ್ಲಿನ ಕಲ್ಲೇ.

ಇಬ್ಬರು ಕೈಬಿಟ್ಟರು

ಫ್ಲಾರೆನ್ಸ್‌ನ ಮಹಾಚರ್ಚಿನ ನೆತ್ತಿಯ ಸುತ್ತ ಬೈಬಲ್ಲಿನ ಪುರುಷರ ಭಾರಿ ವಿಗ್ರಹಗಳನ್ನು ನಿಲ್ಲಿಸಬೇಕೆಂಬುದು ಊರವರ ಹಳೆಯ ಆಸೆ. ಅದಕ್ಕಾಗಿ 1464ರಲ್ಲಿ ಅಗೊಸ್ಟಿನೊ ಡಿ ದುಚ್ಚೊ ಎಂಬ ಶಿಲ್ಪಿಗೆ ಕೆಲಸ ವಹಿಸಲಾಯಿತು. ಕರಾರದಿಂದ 5 ಮೀಟರಿಗೂ ಉದ್ದದ ಒಂದೇ ಬಂಡೆ ಬಂತು. ಆದರೆ ಅದರ ಆಕಾರ ಒರಟೊರಟಾಗಿ ಮೂಡುವಷ್ಟರಲ್ಲೇ ಕೆಲಸ ನಿಂತುಹೋಯಿತು. 1476ರಲ್ಲಿ ಅಂಟೊನಿಯೊ ರೊಸೆಲಿನೊ ಎಂಬಾತನಿಗೆ ಒಪ್ಪಿಸಿದರು. ಅದೂ ಮುಂದೆ ಸಾಗಲಿಲ್ಲ.

ಸಮಸ್ಯೆ ಏನೆಂದರೆ, ಬಂಡೆ ಎತ್ತರಕ್ಕೆ ತಕ್ಕಷ್ಟು ದಪ್ಪವಿರಲಿಲ್ಲ. ಮೊದಲೇ ಸಾಕಷ್ಟು ಕಲ್ಲು ಕೆತ್ತಿಹೋಗಿತ್ತು. ಮಣ್ಣಿನ ಮೂರ್ತಿಯಾದರೆ ತಪ್ಪಾದಲ್ಲಿ ಮಣ್ಣು ಮೆತ್ತಬಹುದು. ಕಲ್ಲಿನಲ್ಲಿ ಒಮ್ಮೆ ಹಾರಿದ ಚಕ್ಕೆ ಮತ್ತೆ ಕೂಡದು. ಹಾಗೆಂದು ಅಷ್ಟು ದುಬಾರಿ ಕಲ್ಲನ್ನು ಎಸೆಯುವುದಕ್ಕೂ ಮನಸ್ಸು ಬಾರದು. ಚರ್ಚಿನ ದಾಖಲೆಗಳಲ್ಲಿ ಅದಕ್ಕೆ ‘ದೈತ್ಯ’ ಎಂದೇ ಹೆಸರು ಬಿತ್ತು.

1501ರ ಆಗಸ್ಟ್‌ನಲ್ಲಿ ಈ ದೈತ್ಯನನ್ನು ಒಪ್ಪಿಕೊಂಡವನು 26 ವರ್ಷದ ಮೈಕೆಲೆಂಜೆಲೊ. ಒಪ್ಪಂದದಂತೆ ಅವಧಿ ಎರಡು ವರ್ಷ, ಸಂಬಳ ತಿಂಗಳಿಗೆ 6 ಫ್ಲೋರಿನ್. ಸೆಪ್ಟೆಂಬರ್ 13ರಂದು ಉಳಿ ಬಿತ್ತು. ಇದ್ದಷ್ಟೇ ದಪ್ಪದಲ್ಲಿ ಇಡೀ ದೇಹವನ್ನು ಹಿಡಿಸುವುದೇ ಸವಾಲು. ಇಂದಿಗೂ ಡೇವಿಡ್‌ನನ್ನು ಪಕ್ಕದಿಂದ ನೋಡಿದರೆ ಮೈ ತೆಳುವಾಗಿ ಕಾಣುವುದು ಇದರಿಂದಲೇ. ಬಂಡೆಯ ಅಂಚಿನವರೆಗೂ ಹೋದದ್ದಕ್ಕೆ ಸಾಕ್ಷಿಯಾಗಿ ನೆತ್ತಿಯ ಮೇಲೆ ಹಳೆಯ ಒರಟು ಕಲ್ಲಿನ ತುಣುಕು ಉಳಿದಿದೆ. ಬಲಗಾಲಿನ ಹಿಂದೆ ಮರದ ಮೋಟು ಇದೆಯಲ್ಲ, ಅದು ಅಲಂಕಾರವಲ್ಲ. ಮೇಲಿನ ಭಾರವನ್ನು ಕಾಲುಗಳೆರಡೇ ಹೊರಲಾರವೆಂದು ಕೊಟ್ಟ ಊರುಗೋಲು.

ಬೈಬಲ್ಲಿನ ಡೇವಿಡ್ ಕುರಿ ಕಾಯುವ ಹುಡುಗ. ದೈತ್ಯ ಗೋಲಿಯಾತನನ್ನು ಕವಣೆಕಲ್ಲಿನಿಂದ ಕೆಡವಿದವನು. ಹಿಂದಿನ ಶಿಲ್ಪಿಗಳು ಗೆದ್ದ ಡೇವಿಡ್‌ನನ್ನೂ ಅವನ ಕಾಲಡಿ ಗೋಲಿಯಾತನ ತಲೆಯನ್ನೂ ತೋರಿಸಿದ್ದರು. ಮೈಕೆಲೆಂಜೆಲೊ ಆರಿಸಿಕೊಂಡದ್ದು ಕಲ್ಲು ಬೀಸುವುದಕ್ಕೆ ಮುಂಚಿನ ಗಳಿಗೆ. ಹೆಗಲ ಮೇಲೆ ಕವಣೆ, ಗಂಟಿಕ್ಕಿದ ಹುಬ್ಬು, ಉಬ್ಬಿದ ನರ.

ಜಾರ್ಜಿಯೊ ವಸಾರಿ ಬರೆದ ಜೀವನಚರಿತ್ರೆಯಲ್ಲಿ ಒಂದು ತಮಾಷೆ ಇದೆ. ನಗರದ ಮುಖ್ಯಾಧಿಕಾರಿ ವಿಗ್ರಹ ನೋಡಿ, ಮೂಗು ತುಸು ದಪ್ಪವಾಯಿತು ಎಂದನಂತೆ. ಮೈಕೆಲೆಂಜೆಲೊ ಒಂದು ಹಿಡಿ ಕಲ್ಲಿನ ಪುಡಿಯನ್ನು ಅಡಗಿಸಿಕೊಂಡು ಮೇಲೆ ಹತ್ತಿ, ಕೆತ್ತುವಂತೆ ನಟಿಸುತ್ತ ಪುಡಿ ಉದುರಿಸಿದ. ಮೂಗು ಇದ್ದಂತೆಯೇ ಇತ್ತು. ಅಧಿಕಾರಿ ಮಾತ್ರ ಈಗ ಸರಿಯಾಯಿತು ಎಂದು ಮೆಚ್ಚಿದ!

ಯಾರೂ ಕೇಳದ ಎಚ್ಚರಿಕೆ

1504ರ ಜನವರಿಯಲ್ಲಿ, ವಿಗ್ರಹವನ್ನು ಎಲ್ಲಿ ನಿಲ್ಲಿಸಬೇಕೆಂದು ಚರ್ಚಿಸಲು ಕಲಾವಿದರ ಸಭೆ ಸೇರಿತು. ಲಿಯೊನಾರ್ಡೊ ಡ ವಿಂಚಿ, ಬೊಟ್ಟಿಚೆಲ್ಲಿಯಂಥವರು ಅಲ್ಲಿದ್ದರು. ಜೂಲಿಯಾನೊ ಡ ಸಂಗಾಲೊ ಎಂಬ ವಾಸ್ತುಶಿಲ್ಪಿ ಒಂದು ಮಾತು ಹೇಳಿದ. ಈ ಕಲ್ಲು ಗಾಳಿ ಮಳೆಗೆ ಸಿಕ್ಕಿ ಮೊದಲೇ ಸೊರಗಿದೆ, ಇದನ್ನು ಸೂರಿನಡಿ ಇಡಿ ಎಂಬುದು ಅದರ ತಾತ್ಪರ್ಯ. ಲಿಯೊನಾರ್ಡೊ ಕೂಡ ಸೂರಿನಡಿಯ ಜಾಗಕ್ಕೇ ಒಪ್ಪಿದ. ಆದರೆ ಕೊನೆಗೆ ಗೊತ್ತಾದ ಸ್ಥಳ ನಗರಸಭೆಯ ಅರಮನೆಯ ಬಾಗಿಲು. ತಲೆಯ ಮೇಲೆ ಬರೀ ಆಕಾಶ. ನಲವತ್ತಕ್ಕೂ ಹೆಚ್ಚು ಜನ ನಾಲ್ಕು ದಿನ ಎಳೆದು 5.17 ಮೀಟರ್ ಎತ್ತರದ ವಿಗ್ರಹವನ್ನು ಅಲ್ಲಿಗೆ ತಲುಪಿಸಿದರು.

ಮುಂದಿನದು ಪೆಟ್ಟುಗಳ ಪಟ್ಟಿ. 1527ರ ದಂಗೆಯಲ್ಲಿ ಅರಮನೆಯಿಂದ ಎಸೆದ ಬೆಂಚು ಬಡಿದು ಎಡಗೈ ಮುರಿಯಿತು. ಚೂರುಗಳನ್ನು 1543ರಲ್ಲಿ ಮತ್ತೆ ಜೋಡಿಸಿದರು. 1843ರಲ್ಲಿ ಕೊಳೆ ತೆಗೆಯಲು ಹೈಡ್ರೋಕ್ಲೋರಿಕ್ ಆಮ್ಲವನ್ನು ಹಚ್ಚಿದರು!

ಶಾಲೆಯ ಪ್ರಯೋಗಾಲಯದಲ್ಲಿ ಅಮೃತಶಿಲೆಯ ಚೂರುಗಳ ಮೇಲೆ ಇದೇ ಆಮ್ಲ ಸುರಿದು ಕಾರ್ಬನ್ ಡೈಆಕ್ಸೈಡ್ ತಯಾರಿಸಿದ ವಿದ್ಯಾರ್ಥಿಗಳಿಗೆ ಏನಾಗಿರಬೇಕೆಂದು ಬಿಡಿಸಿ ಹೇಳಬೇಕಿಲ್ಲ. ಗುಳ್ಳೆ ಏಳುವುದೆಂದರೆ ಕಲ್ಲು ಕರಗುವುದೆಂದೇ ಅರ್ಥ. ಕೊಳೆಯ ಜೊತೆ ಮೂಲ ಮೇಲ್ಮೈಯೂ ಹೋಯಿತು. ಮನೆಯ ಅಮೃತಶಿಲೆಯ ನೆಲಕ್ಕೆ ನಿಂಬೆರಸ ಚೆಲ್ಲಿ ಹೊಳಪು ಹೋದಾಗ ಅಮ್ಮ ಗದರುವುದೂ ಇದೇ ರಸಾಯನಶಾಸ್ತ್ರದ ಆಧಾರದ ಮೇಲೆ! ಕಾರ್ಖಾನೆ, ವಾಹನಗಳ ಹೊಗೆಯಲ್ಲಿನ ಗಂಧಕದ ಅನಿಲ ಮಳೆನೀರಿನೊಡನೆ ಸೇರಿದರೂ ಆಮ್ಲವೇ. ಮಕ್ರಾಣದ ಅಮೃತಶಿಲೆ ಹೊತ್ತ ತಾಜಮಹಲಿನ ಬಗ್ಗೆ ಇರುವ ಆತಂಕವೂ ಇದೇ. 1996ರಲ್ಲಿ ಸುಪ್ರೀಂ ಕೋರ್ಟು ಅದರ ಸುತ್ತಲಿನ ಕಾರ್ಖಾನೆಗಳು ಕಲ್ಲಿದ್ದಲನ್ನು ಬಿಡಬೇಕೆಂದು ಆದೇಶಿಸಿದ್ದು ಈ ಕಾರಣಕ್ಕೆ.

ಕಾಲಿನ ಬಿರುಕು

ಸಂಗಾಲೊ ಹೇಳಿದ ಸೂರು ಡೇವಿಡ್‌ಗೆ ಸಿಕ್ಕಿದ್ದು 369 ವರ್ಷಗಳ ನಂತರ. 1873ರಲ್ಲಿ ವಿಗ್ರಹವನ್ನು ಅಕಾಡೆಮಿಯಾ ಗ್ಯಾಲರಿಯ ಒಳಗೆ ಒಯ್ದರು. ಈಗ ಅರಮನೆಯ ಮುಂದೆ ನಿಂತಿರುವುದು 1910ರಲ್ಲಿ ಇಟ್ಟ ಪ್ರತಿಕೃತಿ. ಒಳಗಿದ್ದರೂ ಕಾಟ ತಪ್ಪಲಿಲ್ಲ. 1991ರಲ್ಲಿ ಒಬ್ಬಾತ ಸುತ್ತಿಗೆಯಿಂದ ಎಡಗಾಲಿನ ಬೆರಳಿಗೆ ಹೊಡೆದ. ಆಗ ಉದುರಿದ ಚೂರುಗಳನ್ನು ಪರೀಕ್ಷಿಸಿದ ವಿಜ್ಞಾನಿಗಳು, ಈ ಕಲ್ಲು ಕರಾರದ ಫಾಂತಿಸ್ಕ್ರಿತಿ ಗಣಿಯದೆಂದು ಪತ್ತೆಹಚ್ಚಿದರು. ಗಾಯದಿಂದಲೇ ತವರೂರು ತಿಳಿಯಿತು.

ಇನ್ನೊಂದು ಚಿಂತೆ ಕಣಕಾಲಿನಲ್ಲಿ ಮತ್ತು ಆ ಮರದ ಮೋಟಿನಲ್ಲಿರುವ ಕೂದಲೆಳೆಯ ಬಿರುಕುಗಳು. ಹೊರಗಿದ್ದ ಕಾಲದಲ್ಲಿ ವಿಗ್ರಹ ತುಸು ಮುಂದಕ್ಕೆ ವಾಲಿತ್ತು. ಇಟಲಿಯ ವಿಜ್ಞಾನಿಗಳು ಜಿಪ್ಸಮ್‌ನ ಪುಟ್ಟ ಮಾದರಿಗಳನ್ನು ಯಂತ್ರದಲ್ಲಿ ಗಿರಗಿರನೆ ತಿರುಗಿಸಿ, ಭಾರದ ಒತ್ತಡ ಎಲ್ಲಿ ಬೀಳುತ್ತದೆಂದು ನೋಡಿದರು. ಕೆಲವೇ ಡಿಗ್ರಿ ವಾಲಿದರೂ ಕಣಕಾಲಿಗೆ ಅಪಾಯವೆಂದು 2014ರಲ್ಲಿ ತಿಳಿಸಿದರು. ಭೂಕಂಪಗಳ ನಾಡಿನಲ್ಲಿ ಇದು ಸಣ್ಣ ಮಾತಲ್ಲ.

ಉಳಿಗೆ ಬಾಗುವ ಮೃದುತ್ವವೇ ಅಮೃತಶಿಲೆಗೆ ವರ. ಆಮ್ಲಕ್ಕೂ ಪೆಟ್ಟಿಗೂ ಸೋಲುವ ಆ ಮೃದುತ್ವವೇ ಶಾಪ. ಕೆತ್ತುವವನಿಗೆ ಮೂರು ವರ್ಷಕ್ಕೂ ಕಡಿಮೆ ಸಾಕಾಯಿತು. ಕಾಯುವ ಕೆಲಸ 500 ವರ್ಷ ದಾಟಿದೆ, ಇನ್ನೂ ಮುಗಿದಿಲ್ಲ.