ಕುಡಿದ ಮರುದಿನ ಎದೆ ಢವಢವ



ವೈದ್ಯಕೀಯ ನೆರವು ಸಮಿತಿಯಲ್ಲಿರುವ ವೈದ್ಯನಾದ ನನ್ನನ್ನು ದಾನಿಗಳು ಆಗಾಗ ಕೇಳುತ್ತಾರೆ: “ಕುಡಿದು ಹೃದಯ ಕೆಡಿಸಿಕೊಂಡವರಿಗೆ ನಮ್ಮ ಹಣ ಯಾಕೆ ಡಾಕ್ಟ್ರೇ?” ಪ್ರಶ್ನೆ ನ್ಯಾಯವಾದದ್ದೇ.

ಹೃದಯದ ಬಲ ಮೇಲ್ಕೋಣೆಯಲ್ಲಿ ಸೈನಸ್ ನೋಡ್ ಎಂಬ ಪುಟ್ಟ ಗಂಟಿದೆ. ನಾವು ಸುಮ್ಮನೆ ಕುಳಿತಿರುವಾಗ ಅದು ಸಾಮಾನ್ಯವಾಗಿ ನಿಮಿಷಕ್ಕೆ 60ರಿಂದ 100 ಬಾರಿ ವಿದ್ಯುತ್ ಸಂಕೇತ ಹೊರಡಿಸುತ್ತದೆ. ಆ ಸಂಕೇತ ಮೇಲ್ಕೋಣೆಗಳಲ್ಲಿ ಹರಡಿ, ಎ.ವಿ. ನೋಡ್‌ನಲ್ಲಿ ಕ್ಷಣಕಾಲ ನಿಂತು, ಕೆಳಕೋಣೆಗಳಿಗೆ ಇಳಿಯುತ್ತದೆ. ಪ್ರತಿ ಸಂಕೇತದ ನಂತರ ಸ್ನಾಯುಕೋಶಗಳಿಗೆ ಚಿಕ್ಕ ವಿರಾಮ ಬೇಕು. ಮದ್ಯ ಮೇಲ್ಕೋಣೆಗಳಲ್ಲಿ ಈ ವಿರಾಮವನ್ನೇ ಮೊಟಕು ಮಾಡುತ್ತದೆ. ಜೊತೆಗೆ ಅಡ್ರಿನಲಿನ್ ಏರುತ್ತದೆ; ವಾಂತಿ, ಅತಿಮೂತ್ರದಿಂದ ಪೊಟ್ಯಾಸಿಯಂ, ಮೆಗ್ನೀಸಿಯಂ ಇಳಿಯಬಹುದು. ಆಗ ಎಲ್ಲೆಂದರಲ್ಲಿ ಸಂಕೇತಗಳೆದ್ದು ಮೇಲ್ಕೋಣೆಗಳು ಮಿಡಿಯುವ ಬದಲು ಬರೀ ನಡುಗುತ್ತವೆ. ಇದೇ ಏಟ್ರಿಯಲ್ ಫಿಬ್ರಿಲೇಷನ್. ನಾಡಿ ಹಿಡಿದರೆ ತಾಳ ತಪ್ಪಿದ ಮದ್ದಳೆ.

ನಡುಗುವ ಕೋಣೆಯಲ್ಲಿ ರಕ್ತ ನಿಂತು ಹೆಪ್ಪುಗಟ್ಟಬಹುದು. ಆ ಹೆಪ್ಪು ಮಿದುಳಿಗೆ ಹೋದರೆ ಪಾರ್ಶ್ವವಾಯು. ನಮ್ಮ ನಿಧಿಯ ದೊಡ್ಡ ಚೆಕ್ಕುಗಳು ಹೋಗುವುದು ಆಗಲೇ.

1978ರಲ್ಲಿ ಅಮೆರಿಕದ ಫಿಲಿಪ್ ಎಟಿಂಗರ್ ಮತ್ತು ಸಂಗಡಿಗರು, ವಾರಾಂತ್ಯ ಮತ್ತು ರಜೆಯ ಅತಿಕುಡಿತದ ಬಳಿಕ ಬರುವ ಈ ತೊಂದರೆಗೆ ‘ಹಾಲಿಡೇ ಹಾರ್ಟ್’ ಎಂದು ಹೆಸರಿಟ್ಟರು. ನಿತ್ಯ ಕುಡಿಯದವರೂ ಇದರಿಂದ ಪಾರಲ್ಲ. ಮದುವೆ ಹಿಂದಿನ ರಾತ್ರಿಯ ಒಂದು ಪಾರ್ಟಿ ಸಾಕು. ಇನ್ನು ವಯಸ್ಸು, ಬಿ.ಪಿ., ಥೈರಾಯ್ಡ್ ಕೂಡ ಇದೇ ತೊಂದರೆ ತರುತ್ತವೆ. ಯಾರದು ಎಷ್ಟು ಪಾಲು ತಪ್ಪು ಎಂದು ಇ.ಸಿ.ಜಿ. ಹೇಳುವುದಿಲ್ಲ, ನಾನೂ ಹೇಳಲಾರೆ.

ಬಿಟ್ಟರೆ ಲಾಭವಿದೆಯೇ? ಇದೆ. 2020ರಲ್ಲಿ ಪ್ರಕಟವಾದ ಆಸ್ಟ್ರೇಲಿಯದ ಅಧ್ಯಯನದಲ್ಲಿ ಈ ತೊಂದರೆಯಿದ್ದ 140 ಮಂದಿ ಮದ್ಯಪಾನಿಗಳಿದ್ದರು. ಎಂದಿನಂತೆ ಕುಡಿದವರಲ್ಲಿ ಆರು ತಿಂಗಳೊಳಗೆ 73% ಮಂದಿಗೆ ಅದು ಮರುಕಳಿಸಿತು. ಬಿಡಲು ಒಪ್ಪಿದ ಗುಂಪಿನಲ್ಲಿ 53% ಮಂದಿಗೆ. ಪೂರ್ತಿ ಗುಣವಲ್ಲ, ಆದರೆ ಕಡಿಮೆಯೇನೂ ಅಲ್ಲ.

ನಮ್ಮವರ ತೊಂದರೆ ಬೇರೆ. ಎದೆ ಹೊಡೆದುಕೊಂಡರೆ “ಗ್ಯಾಸ್” ಎಂದು ಸೋಡಾ ಕುಡಿದು ಮಲಗುತ್ತಾರೆ. ಬೆಳಿಗ್ಗೆ ತಾಳ ಸರಿಹೋಗಿರುತ್ತದೆ, ಇ.ಸಿ.ಜಿ.ಯಲ್ಲಿ ಏನೂ ಕಾಣುವುದಿಲ್ಲ. ಹೊಡೆದುಕೊಳ್ಳುತ್ತಿರುವಾಗಲೇ ಆಸ್ಪತ್ರೆಗೆ ಹೋಗಿ. ತಲೆಸುತ್ತು, ಎದೆನೋವು, ಉಸಿರಾಟದ ತೊಂದರೆ ಇದ್ದರಂತೂ ಒಂದು ಕ್ಷಣವೂ ಕಾಯಬೇಡಿ. ಕುಡಿದದ್ದನ್ನು ಡಾಕ್ಟರಿಗೆ ಹೇಳಿ. ಅತ್ತೆ-ಮಾವ ಎದುರಿಗಿದ್ದರೆ ಅವರನ್ನು ಹೊರಗೆ ಕಳಿಸಿ ಹೇಳಿ.

ನಮ್ಮ ಅರ್ಜಿ ನಮೂನೆಯಲ್ಲಿ ಕುಡಿತದ ಪ್ರಶ್ನೆ ಇಲ್ಲ, ಸೇರಿಸುವುದೂ ಬೇಡ ಎಂದು ಸಮಿತಿಯಲ್ಲಿ ಹಟ ಹಿಡಿದವನು ನಾನೇ. ಕೇಳಿದರೆ ಸುಳ್ಳು ಬರೆಯುತ್ತಾರೆ, ಇಲ್ಲವೇ ಅರ್ಜಿಯನ್ನೇ ಹಾಕುವುದಿಲ್ಲ. ಈ ತಿಂಗಳು ಇ.ಸಿ.ಜಿ., ಹೋಲ್ಟರ್ ಪರೀಕ್ಷೆ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ, ಇವುಗಳಿಗಾಗಿ ಮೂರು ಅರ್ಜಿಗಳು ನಮ್ಮ ಮುಂದಿವೆ. ಚೆಕ್ಕಿನ ಹಿಂದೆ ‘ವೈದ್ಯಕೀಯ ನೆರವು’ ಎಂದು ಬರೆದು ಕಚೇರಿಗೆ ತಲುಪಿಸಿ; ರಸೀದಿ ಅಲ್ಲೇ ಸಿಗುತ್ತದೆ.