ಬಂದ ಬಾಗಿಲಿನಿಂದಲೇ ಹೊರಡಬೇಕಾದ ಉತ್ತರ

ಮನೆಯ ರೂಟರಿನಲ್ಲಿ ವಿಪಿಎನ್ ಎಂಬ ಒಂದೇ ಹೆಸರಿನಡಿ ಎರಡು ಭಿನ್ನ ಕೆಲಸಗಳು ನಡೆಯಬಲ್ಲವು. ಮನೆಯ ಫೋನು, ಟಿವಿ, ಲ್ಯಾಪ್‌ಟಾಪುಗಳ ಸಂಚಾರವನ್ನೆಲ್ಲ ಗೂಢಲಿಪಿಗೆ ತಿರುಗಿಸಿ ದೂರದ ವಿಪಿಎನ್ ಸಂಸ್ಥೆಯ ಯಂತ್ರಕ್ಕೆ ಸಾಗಿಸಿ, ಅಲ್ಲಿಂದ ಇಂಟರ್ನೆಟ್ಟಿಗೆ ಬಿಡುವುದು ಕ್ಲೈಂಟಿನ ಕೆಲಸ. ಪರಊರಿನಲ್ಲಿರುವ ಮನೆಯವರು ಮನೆಯ ಕ್ಯಾಮೆರಾವನ್ನೋ ಕಡತಗಳನ್ನೋ ಸುರಕ್ಷಿತವಾಗಿ ತಲುಪುವಂತೆ ಬಾಗಿಲು ಕಾಯುವುದು ಸರ್ವರಿನ ಕೆಲಸ. ಒಂದೊಂದನ್ನೇ ನಡೆಸಿದಾಗ ಎರಡೂ ಸುಗಮವಾಗಿಯೇ ಇರುತ್ತವೆ. ಒಟ್ಟಿಗೆ ಚಾಲೂ ಮಾಡಿದೊಡನೆ ಹೊರಗಿನಿಂದ ಸರ್ವರಿಗೆ ಸಂಪರ್ಕ ಸಿಗದಂತಾಗುವುದು ಸಾಮಾನ್ಯ ಅನುಭವ. ಆಗ ಕೀಲಿಗಳನ್ನೂ ಪ್ರಮಾಣಪತ್ರಗಳನ್ನೂ ಮತ್ತೆ ಮತ್ತೆ ಬದಲಿಸಿ ನೋಡುವುದು ವ್ಯರ್ಥಶ್ರಮ, ಏಕೆಂದರೆ ದೋಷವಿರುವುದು ಗೂಢಲಿಪಿಯಲ್ಲಲ್ಲ, ದಾರಿಯಲ್ಲಿ.

ಯಾವ ವಿಳಾಸದ ಪ್ಯಾಕೆಟ್ಟನ್ನು, ಅಂದರೆ ದತ್ತಾಂಶದ ಪೊಟ್ಟಣವನ್ನು, ಯಾವ ಕಡೆಗೆ ಕಳಿಸಬೇಕೆಂದು ರೂಟರ್ ನೋಡಿಕೊಳ್ಳುವ ಪಟ್ಟಿಗೆ ರೂಟಿಂಗ್ ಟೇಬಲ್ ಎನ್ನುತ್ತಾರೆ. ಬೇರಾವ ನಮೂದೂ ಹೊಂದದಿದ್ದರೆ ಬಳಸಬೇಕಾದ ಡೀಫಾಲ್ಟ್ ದಾರಿಯೊಂದು ಅದರಲ್ಲಿರುತ್ತದೆ; ಅದು ಬ್ರಾಡ್‌ಬ್ಯಾಂಡ್ ಸಂಸ್ಥೆಯ ಗೇಟ್‌ವೇ. ಓಪನ್‌ವಿಪಿಎನ್ ಎಂಬ ವಿಪಿಎನ್ ತಂತ್ರಾಂಶದ ಕ್ಲೈಂಟು ರೂಢಿಯ ವ್ಯವಸ್ಥೆಯಲ್ಲಿ ಈ ನಮೂದನ್ನು ಅಳಿಸುವುದಿಲ್ಲ, ಬದಲಾಗಿ 0.0.0.0/1 ಮತ್ತು 128.0.0.0/1 ಎಂಬ ಎರಡು ನಮೂದುಗಳನ್ನು ಸೇರಿಸುತ್ತದೆ. ಇಡೀ ಐಪಿವಿ4 ವಿಳಾಸಲೋಕವನ್ನು ಸರಿಯಾಗಿ ಎರಡು ಹೋಳು ಮಾಡಿ ಎರಡನ್ನೂ ಸುರಂಗದತ್ತ, ಅಂದರೆ ವಿಪಿಎನ್ ಸಂಸ್ಥೆಯ ಯಂತ್ರಕ್ಕೆ ಸಾಗುವ ಗೂಢಲಿಪಿಯ ದಾರಿಯತ್ತ, ತಿರುಗಿಸುವ ಈ ಯುಕ್ತಿ ಸೊಗಸಾದದ್ದು: ಹೆಚ್ಚು ನಿರ್ದಿಷ್ಟವಾದ ನಮೂದಿಗೇ ಆದ್ಯತೆ ಎಂಬ ನಿಯಮದಂತೆ ಹೋಳುಗಳು ಡೀಫಾಲ್ಟನ್ನು ಮೀರಿಸುತ್ತವೆ, ಕ್ಲೈಂಟ್ ನಿಂತೊಡನೆ ಹಳೆಯ ದಾರಿ ತಾನಾಗಿಯೇ ಮತ್ತೆ ಚಾಲ್ತಿಗೆ ಬರುತ್ತದೆ.

ಸರ್ವರಿಗೆ ಮುಳುವಾಗುವುದೂ ಇದೇ ಯುಕ್ತಿ. ಹೊರಗಿನ ಫೋನಿನಿಂದ ಹೊರಟ ಕೋರಿಕೆ ಬ್ರಾಡ್‌ಬ್ಯಾಂಡ್ ತಂತಿಯ ಮೂಲಕ ಸರ್ವರ್ ಕಾಯುತ್ತಿರುವ, ಮನೆಯ 1194ನೇ ಪೋರ್ಟಿಗೆ ಬಂದು ಮುಟ್ಟುತ್ತದೆ, ಸರ್ವರ್ ಉತ್ತರವನ್ನೂ ಸಿದ್ಧಪಡಿಸುತ್ತದೆ. ಆದರೆ ಆ ಉತ್ತರ ಸುರಂಗಕ್ಕೆ ಇಳಿದು, ವಿಪಿಎನ್ ಸಂಸ್ಥೆಯ ಯಂತ್ರದಲ್ಲೇ ಕಳೆದುಹೋಗುತ್ತದೆ, ಇಲ್ಲವೇ ಬೇರೆಯದೇ ವಿಳಾಸ ಹೊತ್ತು ಫೋನಿಗೆ ತಲುಪಿ ತಿರಸ್ಕೃತವಾಗುತ್ತದೆ. ಪ್ಯಾಕೆಟ್ಟುಗಳನ್ನು ಕಣ್ಣಿಗೆ ಕಾಣಿಸುವ ಟಿಸಿಪಿಡಂಪ್ ಉಪಕರಣವನ್ನು ರೂಟರಿನಲ್ಲಿ ಓಡಿಸಿದರೆ, ಕೋರಿಕೆ ಒಂದು ಇಂಟರ್‌ಫೇಸಿನಲ್ಲಿ ಬಂದು ಉತ್ತರ ಇನ್ನೊಂದರಲ್ಲಿ ಹೊರಡುವುದು ಸಾಲುಸಾಲಾಗಿ ಕಾಣುತ್ತದೆ. ಗಂಟೆಗಟ್ಟಲೆಯ ಊಹೆಗಿಂತ ಈ ಒಂದು ನೋಟ ಮೇಲು.

ಪರಿಹಾರದ ಹೆಸರು ಪಾಲಿಸಿ ರೂಟಿಂಗ್: ಪ್ಯಾಕೆಟ್ ಎಲ್ಲಿಗೆ ಹೋಗಬೇಕು ಎಂಬುದನ್ನಷ್ಟೇ ಅಲ್ಲದೆ ಎಲ್ಲಿಂದ, ಯಾವ ಗುರುತು ಹೊತ್ತು ಹೊರಟಿದೆ ಎಂಬುದನ್ನೂ ನೋಡಿ ದಾರಿ ಆರಿಸುವ ಪದ್ಧತಿ. ಲಿನಕ್ಸ್ ಕರ್ನಲ್‌ನಲ್ಲಿ ಇದು 1999ರ 2.2ನೇ ಆವೃತ್ತಿಯಿಂದಲೇ ಇದ್ದು, ಅದನ್ನಾಧರಿಸಿದ ಓಪನ್‌ಡಬ್ಲ್ಯುಆರ್‌ಟಿಯಂಥ ಮುಕ್ತ ರೂಟರ್ ತಂತ್ರಾಂಶಗಳಲ್ಲಿ ಸುಲಭವಾಗಿ ದೊರೆಯುತ್ತದೆ. ಬ್ರಾಡ್‌ಬ್ಯಾಂಡ್ ಗೇಟ್‌ವೇ ಒಂದನ್ನೇ ಡೀಫಾಲ್ಟಾಗಿ ಹೊಂದಿದ ಎರಡನೆಯ ಟೇಬಲ್ಲೊಂದನ್ನು ರಚಿಸಿ, ಸರ್ವರಿನ ಪೋರ್ಟಿನಿಂದ ಹೊರಡುವ ಪ್ಯಾಕೆಟ್ಟುಗಳಿಗೆ ಗುರುತು ಹಾಕಿ, ಆ ಗುರುತಿದ್ದವು ಎರಡನೆಯ ಟೇಬಲ್ಲನ್ನೇ ನೋಡಬೇಕೆಂಬ ನಿಯಮ ಬರೆದರೆ ಉತ್ತರ ಬಂದ ದಾರಿಯಲ್ಲೇ ಮರಳುತ್ತದೆ. ಮನೆಯ ಉಳಿದ ಸಂಚಾರ ಎಂದಿನಂತೆ ಸುರಂಗದಲ್ಲೇ ಸಾಗುತ್ತದೆ.

ಇಷ್ಟಾದರೂ ಸಂಪರ್ಕ ಸಿಗದಿದ್ದರೆ ರೂಟರಿಗೆ ದೊರೆತಿರುವ ಹೊರವಿಳಾಸವನ್ನು ನೋಡಬೇಕು, ಮತ್ತು ನಿಜ ಹೇಳುವುದಾದರೆ ಮೊದಲು ನೋಡಬೇಕಾದದ್ದೇ ಅದನ್ನು. ಭಾರತದ ಹಲವು ಬ್ರಾಡ್‌ಬ್ಯಾಂಡ್ ಸಂಪರ್ಕಗಳಲ್ಲಿ ಅನೇಕ ಮನೆಗಳು ಒಂದೇ ಸಾರ್ವಜನಿಕ ವಿಳಾಸವನ್ನು ಹಂಚಿಕೊಳ್ಳುವ ಸಿಜಿನ್ಯಾಟ್ ವ್ಯವಸ್ಥೆಯಿದೆ. 2012ರಲ್ಲಿ ಇದಕ್ಕೆಂದೇ ಮೀಸಲಿಟ್ಟ, 100.64ರಿಂದ 100.127ರವರೆಗಿನ ಅಂಕಿಗಳಿಂದ ಆರಂಭವಾಗುವ ವಿಳಾಸಗಳಲ್ಲೊಂದು ಕಂಡರೆ, ಹೊರಗಿನ ಕೋರಿಕೆ ಐಪಿವಿ4 ಮೂಲಕ ಮನೆಯವರೆಗೆ ಬರುವುದೇ ಇಲ್ಲ. ಸಂಸ್ಥೆಯಿಂದ ಸಾರ್ವಜನಿಕ ವಿಳಾಸವನ್ನು ಕೇಳಿ ಪಡೆಯುವುದು, ಐಪಿವಿ6 ಬಳಸುವುದು, ಅಥವಾ ಬಾಡಿಗೆಯ ಸರ್ವರೊಂದಕ್ಕೆ ಮನೆಯಿಂದಲೇ ಸುರಂಗ ತೋಡಿ ಅದರ ಮೂಲಕ ಒಳಬರುವುದು, ಇವೇ ಆಗ ಉಳಿಯುವ ದಾರಿಗಳು.