ಕರ್ರಿಗಿಂತ ಮೊದಲು ಒಬ್ಬ ಅಬ್ದುಲ್ ರವೂಫ್

ದೂರದಿಂದಲೇ ಬಾಲ್ ಎಸೆದು ಬುಟ್ಟಿಗೆ ಹಾಕುವ ಸ್ಟೀಫನ್ ಕರ್ರಿ, ಬಾಸ್ಕೆಟ್‌ಬಾಲ್ ನೋಡುವ ನಮ್ಮ ಹುಡುಗರಿಗೆಲ್ಲಾ ಗೊತ್ತು. 2016ರಲ್ಲಿ ಖ್ಯಾತ ಕೋಚ್ ಫಿಲ್ ಜಾಕ್ಸನ್ ಅವನನ್ನು ಹೋಲಿಸಿದ್ದು ಮಹ್ಮೂದ್ ಅಬ್ದುಲ್ ರವೂಫ್‌ಗೆ. ಯಾರಿವರು?

ಅಮೆರಿಕದ ಮಿಸಿಸಿಪ್ಪಿಯಲ್ಲಿ ಕ್ರಿಸ್ ಜಾಕ್ಸನ್ ಆಗಿ ಹುಟ್ಟಿ, 1991ರಲ್ಲಿ ಇಸ್ಲಾಮ್ ಸ್ವೀಕರಿಸಿದ ಗಾರ್ಡ್ ಆಟಗಾರ. ಟುರೆಟ್ ಕಾಯಿಲೆಯಿಂದ ಮೈ ತಾನಾಗಿ ಅದುರುತ್ತಿತ್ತು. ಆದರೂ ಎಸೆತ ಸರಿ ಅನ್ನಿಸುವ ತನಕ ಬಿಡುತ್ತಿರಲಿಲ್ಲ. ಮದ್ರಸದಲ್ಲಿ ಆಯತ್ ತಪ್ಪಿದರೆ ಮತ್ತೆ ಮೊದಲಿಂದ ಓದಿಸುತ್ತೇವಲ್ಲ, ಹಾಗೆ. 1993-94ರಲ್ಲಿ 229 ಫ್ರೀ ಥ್ರೋಗಳಲ್ಲಿ 219 ಬುಟ್ಟಿ ಸೇರಿದವು.

ಮೂರು ಪಾಯಿಂಟ್ ಎಸೆತದಲ್ಲಿ ಕರ್ರಿಯೇ ಮುಂದೆ, ಒಂದೇ ಸೀಸನ್‌ನಲ್ಲಿ 402. ಅಬ್ದುಲ್ ರವೂಫ್ ಮಾತ್ರ 1996ರಲ್ಲಿ ರಾಷ್ಟ್ರಗೀತೆಗೆ ನಿಲ್ಲದೆ ಅಮಾನತಾದರು. ನಿಂತು ದುಆ ಮಾಡುವುದಾಗಿ ಒಪ್ಪಿ ಮರಳಿದರು. ಆ ವಿವಾದದಲ್ಲಿ ಅವರ ಆಟವೇ ಮರೆತುಹೋಯಿತು. ಮಕ್ಕಳೇ, ಕರ್ರಿಯನ್ನು ನೋಡುವಾಗ ಇವರನ್ನೂ ಒಮ್ಮೆ ನೋಡಿ.